ಕೆಮ್ಮಣ್ಣನ ಗಂಟಲು

ಅಕ್ಟೋಬರ್ 9

ಮಗೂ,

ನಿನಗೆ ಒಂದು ಸಾಲು ಬರೆದು ವರ್ಷದ ಮೇಲಾಯಿತು. ನೀನೂ ಬರೆದಿಲ್ಲ. ಯಾರು ಮೊದಲು ಬರೆಯಬೇಕಿತ್ತು ಎಂದು ಯೋಚಿಸುತ್ತ ಕೂತರೆ ಈ ಕಾಗದವೂ ಹೋಗುವುದಿಲ್ಲ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಅತ್ತೆ ಚೆನ್ನಾಗಿದ್ದಾಳೆ. ನನ್ನ ಮಂಡಿನೋವು ತಕ್ಕಮಟ್ಟಿಗಿದೆ. ಆರೋಗ್ಯ ಕೆಟ್ಟಿರುವುದು ದೋಣಿಗೆ.

ನಿನ್ನ ಗಂಡ ಕಟ್ಟಿದ ಇಂಜಿನ್ ಮೊದಲಿನಿಂದಲೂ ಕೆಮ್ಮುತ್ತಿತ್ತು, ನೀನೇ ಕಂಡಿದ್ದೀಯ. ಅವನಿದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಏನೋ ತಿರುಪಿ, ಏನೋ ಊದಿ ಸುಮ್ಮನಾಗಿಸುತ್ತಿದ್ದ. ಅವನು ಜ್ವರದಲ್ಲಿ ಹೋದ ಮೇಲೆ ಅದು ಯಾರ ಮಾತನ್ನೂ ಕೇಳುತ್ತಿಲ್ಲ. ದಡದ ಜನ ದೋಣಿಗೆ ಕೆಮ್ಮಣ್ಣ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. 'ಕೆಮ್ಮಣ್ಣ ಬಂದ್ನಾ?' 'ಇಲ್ಲ, ನಡುನೀರಲ್ಲಿ ಕಷಾಯ ಕುಡೀತಾ ಕೂತಿದ್ದಾನೆ.' ನಾನು ಎದುರಿಗಿದ್ದರೂ ಹೇಳುತ್ತಾರೆ.

ಕಾಯಿಲೆಯ ಲಕ್ಷಣ ಇಷ್ಟು. ಹೊಸ ಪೆಟ್ರೋಲ್ ಸುರಿದ ದಿನ ಎಳೆಗರುವಿನ ಹಾಗೆ ಓಡುತ್ತದೆ. ನಾಲ್ಕು ದಿನ ಕಳೆದರೆ, ಪೆಟ್ರೋಲ್ ಪೆಟ್ಟಿಗೆಯಲ್ಲಿ ಅರ್ಧ ಉಳಿದಿರುವಾಗಲೇ ಕಾಲೆಳೆಯುತ್ತದೆ. ಮೇಲೆ ಹೊಸದನ್ನು ಸುರಿದರೂ ಅಷ್ಟಕ್ಕಷ್ಟೆ. ಪೆಟ್ರೋಲ್ ಮಾರುವವನು ಸೀಮೆಎಣ್ಣೆ ಬೆರೆಸುತ್ತಾನೆ ಎಂದು ನನ್ನ ಅನುಮಾನ. ಹೋಗಿ ಜಗಳ ಆಡಿದೆ. ಅವನು ತನ್ನ ತಾಯಿಯ ಮೇಲೆ ಆಣೆ ಇಟ್ಟ.

ಅಂಚೆಯ ಸಾಹೇಬರು ಮೊನ್ನೆ ಕರೆಸಿದ್ದರು. 'ಯಜಮಾನ್ರೇ, ನಿಮ್ಮ ಮೇಲೆ ನಂಗೇನೂ ಬೇಸರ ಇಲ್ಲ. ಆದ್ರೆ ಚಳಿಗಾಲದಲ್ಲಿ ಅಂಚೆ ಚೀಲ ಹಿಂಗೇ ತಡ ಆದ್ರೆ, ಬೇಸಿಗೆಯಿಂದ ಹಬೆ ದೋಣಿಯವರಿಗೆ ಕೊಡಿ ಅಂತ ಮೇಲಿನವರು ಬರೆದಿದ್ದಾರೆ' ಎಂದರು. ಅಂಚೆ ಹೋದರೆ ಹಿಂದೆಯೇ ಪ್ರಯಾಣಿಕರೂ ಹೋಗುತ್ತಾರೆ. ಆಮೇಲೆ ನಾನೂ ದೋಣಿಯೂ ದಡದಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು.

ನೀನು ದೀಪದ ಕಾರ್ಖಾನೆಯಲ್ಲಿ ದಿನವಿಡೀ ಎಣ್ಣೆ, ಬತ್ತಿ, ಉರಿಗಳ ನಡುವೆ ಇರುವವಳು. ನಿನಗೇನಾದರೂ ಹೊಳೆದರೆ ಬರೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಪೆಟ್ರೋಲನ್ನು ಆವಿ ಮಾಡಲು ನಿನ್ನ ಗಂಡ ಮಾಡಿದ ಬತ್ತಿಪೆಟ್ಟಿಗೆಯನ್ನು ಬಿಚ್ಚುವ ಮಾತು ಬೇಡ. ಅದರ ಮೂಲೆಮೂಲೆಗೂ ಬೆಸುಗೆ ಹಾಕಿದ ಕೈ ಯಾರದೆಂದು ನಿನಗೆ ಗೊತ್ತು.

ನಿನ್ನ ಮಾವ


ಅಕ್ಟೋಬರ್ 20

ಮಾವನವರಿಗೆ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ಊಟದ ಬಿಡುವಿನಲ್ಲಿ ಓದೋಣವೆಂದು ಜೇಬಿಗಿಟ್ಟೆ. ಆಗಲಿಲ್ಲ, ಗೇಟಿನ ಬಳಿ ನಿಂತೇ ಓದಿದೆ. ಹಿಂದೆ ಬರುತ್ತಿದ್ದವರೆಲ್ಲ ನನ್ನನ್ನು ಸುತ್ತಿಕೊಂಡು ಒಳಗೆ ಹೋದರು.

ನಾನೀಗ ಉರಿ ಪರೀಕ್ಷೆಯ ಕೋಣೆಯಲ್ಲಿದ್ದೇನೆ. ಜ್ವಾಲೆಯ ಬಣ್ಣ ಸರಿಯಾಗಿ ಕಾಣಲೆಂದು ಕಿಟಕಿಗಳಿಗೆ ಕಪ್ಪು ಬಳಿದಿದ್ದಾರೆ. ಸಿದ್ಧವಾದ ದೀಪಗಳು ಒಂದರ ಹಿಂದೊಂದು ಬರುತ್ತವೆ. ಹೊತ್ತಿಸಬೇಕು, ನೋಡಬೇಕು. ನೀಲಿಯಾಗಿ ನಿಂತರೆ ಬಲಕ್ಕೆ, ಹಳದಿಯಾಗಿ ಕುಣಿದರೆ ಎಡಕ್ಕೆ. ಸಂಜೆ ಹೊರಗೆ ಬಂದಾಗ ಆಕಾಶವನ್ನೂ ಹಾಗೆಯೇ ಪರೀಕ್ಷಿಸುತ್ತೇನೆ.

ಪೆಟ್ರೋಲ್ ಮಾರುವವನನ್ನು ಬಿಟ್ಟುಬಿಡಿ, ಪಾಪ. ಅವನ ತಪ್ಪಲ್ಲ. ಒಂದು ಬಸಿಯಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ ಬೀಸಣಿಗೆಯಿಂದ ಗಾಳಿ ಹಾಕಿದೆ. ಕಾಲುಭಾಗ ಉಳಿದಾಗ ಕಡ್ಡಿ ತೋರಿಸಿದೆ. ಹೊಸದಾದರೆ ಕಡ್ಡಿ ಹತ್ತಿರ ಬರುವ ಮೊದಲೇ ಭಗ್ ಎನ್ನುತ್ತದೆ. ಈ ಉಳಿಕೆ ಮುನಿಸಿಕೊಂಡವರ ಹಾಗೆ ತಡೆದು ತಡೆದು ಹತ್ತಿತು. ಪೆಟ್ರೋಲ್ ಅನ್ನುವುದು ಒಂದೇ ಪದಾರ್ಥವಲ್ಲ ಮಾವ, ಅದೊಂದು ಕೂಡುಕುಟುಂಬ. ಹಗುರವಾದವು ಗಾಳಿ ಕರೆದ ಕೂಡಲೇ ಆವಿಯಾಗಿ ಹೊರಟುಬಿಡುತ್ತವೆ. ಭಾರವಾದವು ಮೂಲೆ ಹಿಡಿದು ಕೂರುತ್ತವೆ.

ಬತ್ತಿಪೆಟ್ಟಿಗೆಯಲ್ಲಿ ನಡೆಯುವುದೂ ಇದೇ. ತಳದಲ್ಲಿ ಪೆಟ್ರೋಲ್, ಅದನ್ನು ಹೀರಿ ನಿಂತ ಬತ್ತಿಗಳು, ಅವುಗಳ ನಡುವೆ ಹಾದು ಇಂಜಿನ್ನಿಗೆ ಹೋಗುವ ಗಾಳಿ. ಆ ಗಾಳಿ ಪ್ರತಿದಿನ ಹಗುರವಾದುದನ್ನೇ ಆರಿಸಿ ಒಯ್ಯುತ್ತದೆ. ವಾರದ ಕೊನೆಗೆ ತಳದಲ್ಲಿ ಉಳಿದಿರುವುದೆಲ್ಲ ಮೈಗಳ್ಳರು. ಮೇಲೆ ಹೊಸದು ಸುರಿದರೆ ಅವರ ಜೊತೆ ಸೇರಿ ಅದೂ ಕೆಡುತ್ತದೆ.

ಸದ್ಯಕ್ಕೆ ಎರಡು ದಿನಕ್ಕೊಮ್ಮೆ ತಳದಲ್ಲಿರುವುದನ್ನು ಪೂರ್ತಿ ಬಸಿದುಬಿಡಿ. ಸ್ವಲ್ಪ ಸುಧಾರಿಸುತ್ತದೆ. ಚಳಿ ಬಲಿತಾಗ ಅದೂ ಸಾಲುವುದಿಲ್ಲ. ನಿಜವಾದ ಔಷಧಿ ಬೇಕೆಂದರೆ ಪೆಟ್ಟಿಗೆಯನ್ನೇ ತೆಗೆಯಬೇಕು. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಗೆ ಚಿಮ್ಮಿಸುವ ಹೊಸ ಬಗೆಯ ಕಾರ್ಬೊರೇಟರ್ ಈಗ ಬಂದಿದೆ. ಅದರಲ್ಲಿ ಹಗುರ, ಭಾರ ಎಲ್ಲವೂ ಒಟ್ಟಿಗೇ ಹೊರಡಬೇಕು, ಯಾರೂ ಹಿಂದೆ ಉಳಿಯುವಂತಿಲ್ಲ. ನೀವು ಬೇಡವೆಂದ ಮಾತನ್ನೇ ಬರೆದಿದ್ದೇನೆ. ಕೇಳಿದ ಮೇಲೆ ಸುಳ್ಳು ಹೇಳಲಾಗಲಿಲ್ಲ.

ಅತ್ತೆಗೆ ನನ್ನ ನೆನಪು ಹೇಳಿ.

ನಿಮ್ಮ ಸೊಸೆ


ನವೆಂಬರ್ 2

ಮಗೂ,

ಬಸಿದು ನೋಡಿದೆ. ಗುಣ ಕಂಡಿತು. ಪೆಟ್ರೋಲ್ ಮಾರುವವನ ಕ್ಷಮೆ ಕೇಳಿದೆ. ಅವನು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದ.

ಪೆಟ್ಟಿಗೆ ಅಲ್ಲೇ ಇರುತ್ತದೆ. ಅವನು ಅದಕ್ಕೆ ಒಂದು ಇಡೀ ಚಳಿಗಾಲ ಕೂತ. ತಗಡು ಕತ್ತರಿಸಿ, ಸೋರಿದರೆ ಮತ್ತೆ ಬಿಚ್ಚಿ, ಅಮ್ಮನ ಹಳೇ ಹೊದಿಕೆಯಿಂದ ಬತ್ತಿ ಹೊಸೆದು ಮಾಡಿದ. ಮನೆಯಲ್ಲಿ ಅವನ ಅಂಗಿಗಳು ಇವೆ, ಚಪ್ಪಲಿ ಇದೆ. ಆದರೆ ಅಂಗಿ ಯಾರಾದರೂ ಹೊಲಿಯುತ್ತಾರೆ. ಇದು ಹಾಗಲ್ಲ.

ತೆಗೆದುಬಿಡಿ ಎಂದು ಅವನೇ ನಿನ್ನ ಹತ್ತಿರ ಯಾವಾಗಲಾದರೂ ಹೇಳಿದ್ದನೇ? ಕೊನೆಯ ದಿನಗಳಲ್ಲಿ ನೀನೇ ಪಕ್ಕದಲ್ಲಿದ್ದವಳು. ಹೇಳಿದ್ದರೆ ಅದು ಬೇರೆ ಮಾತು.

ನಿನ್ನ ಮಾವ


ನವೆಂಬರ್ 16

ಮಾವನವರಿಗೆ,

ಇಲ್ಲ. ಅವರು ಹಾಗೆ ಹೇಳಲಿಲ್ಲ.

ಹೇಳಿದ್ದರು ಎಂದು ಬರೆಯಬಹುದಿತ್ತು. ನೀವು ನಂಬುತ್ತಿದ್ದಿರಿ, ನಾಳೆಯೇ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಹಾಗೆ ಬರೆದು ಎರಡು ಕಾಗದ ಹರಿದೆ ಕೂಡ. ಆದರೆ ಅವರ ಬಾಯಲ್ಲಿ ನಾನು ಮಾತು ಹಾಕತೊಡಗಿದರೆ, ಅವರು ನಿಜವಾಗಿ ಆಡಿದ ಮಾತುಗಳೂ ಕೊನೆಗೆ ನನ್ನವೇ ಏನೋ ಅನ್ನಿಸತೊಡಗುತ್ತದೆ. ಇರುವುದೇ ಸ್ವಲ್ಪ. ಅದನ್ನು ಕಲಬೆರಕೆ ಮಾಡಲಾರೆ.

ಅವರಿಗೆ ಆ ಪೆಟ್ಟಿಗೆಯೆಂದರೆ ಪ್ರಾಣ. ಜ್ವರದಲ್ಲೂ 'ಬತ್ತಿ ಒಣಗ್ತಾ ಇದೆ ನೋಡು' ಎನ್ನುತ್ತಿದ್ದರು. ನಿಮಗೆ ಗೊತ್ತಿರುವುದಕ್ಕಿಂತ ಹೆಚ್ಚಿನದೇನೂ ನನಗೆ ಗೊತ್ತಿಲ್ಲ. ಅವರು ಬದುಕಿದ್ದರೆ ಏನು ಮಾಡುತ್ತಿದ್ದರು ಎಂದು ನನ್ನನ್ನು ಕೇಳಬೇಡಿ. ದೋಣಿ ಈಗ ನಿಮ್ಮದು. ನೀವು ಏನು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ.

ಕಟುವಾಗಿ ಬರೆದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚಳಿ ಜೋರಾಗುತ್ತಿದೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ನೀರಿಗಿಳಿಯಬೇಡಿ.

ನಿಮ್ಮ ಸೊಸೆ


ಡಿಸೆಂಬರ್ 1

ಮಗೂ,

ನಿನ್ನ ಕಾಗದ ಓದಿ ನಿನ್ನ ಅತ್ತೆಯ ಮುಂದೆ ಹಾರಾಡಿದೆ. 'ನೋಡು, ಎಷ್ಟು ಗಟ್ಟಿ ಮಾತು ಬರೆದಿದ್ದಾಳೆ' ಎಂದೆ. ಅವಳು ಪಾತ್ರೆ ಒರೆಸುತ್ತ, 'ಸುಳ್ಳು ಬರೆದು ಸಮಾಧಾನ ಮಾಡಿದ್ರೆ ಚೆನ್ನಾಗಿರ್ತಿತ್ತಾ?' ಎಂದಳು. ಅಷ್ಟೇ.

ಕಳೆದ ವಾರ ಡಾಕ್ಟರಮ್ಮ ಬೆಳಕು ಹರಿಯುವ ಹೊತ್ತಿಗೆ ದಡಕ್ಕೆ ಓಡಿ ಬಂದರು. ಆಚೆ ದಡದ ಕಲ್ಲುಗಣಿಯವರ ಮನೆಯಲ್ಲಿ ಹೆರಿಗೆ ಕಷ್ಟವಾಗಿದೆಯಂತೆ, ಮಗು ಅಡ್ಡ ತಿರುಗಿದೆಯಂತೆ. ಅವರ ಚೀಲ ಇಸಿದುಕೊಂಡು ದೋಣಿಗೆ ಹತ್ತಿಸಿದೆ. ಹಿಂದಿನ ದಿನವೇ ಬಸಿದು ಹೊಸ ಪೆಟ್ರೋಲ್ ಸುರಿದಿದ್ದೆ. ಆದರೂ ಆ ಚಳಿಗೆ ಆವಿ ಏಳಲೇ ಇಲ್ಲ. ನಡುನೀರಿಗೆ ಬಂದದ್ದೇ ತಡ, ಕೆಮ್ಮಣ್ಣ ಎರಡು ಸಲ ಕೆಮ್ಮಿ ಮಲಗಿಬಿಟ್ಟ. ತಿರುಗಿಸಿದೆ, ಊದಿದೆ, ಬೈದೆ. ಡಾಕ್ಟರಮ್ಮ ಕೋಟು ತೆಗೆದಿಟ್ಟು ಒಂದು ಹುಟ್ಟು ಹಿಡಿದರು, ಇನ್ನೊಂದು ನಾನು. ಅವರ ಕೈಗೆ ಬೊಬ್ಬೆ ಬಂದವು. ಅದೇ ಕೈಯಲ್ಲಿ ಅವರು ಆಮೇಲೆ ಆ ಕೆಲಸ ಮಾಡಬೇಕಿತ್ತು.

ತಾಯಿ ಉಳಿದಳು. ಮಗುವೂ ಉಳಿಯಿತು. ಹುಟ್ಟಿದಾಗ ನೀಲಿಗಟ್ಟಿತ್ತಂತೆ, ಬಹಳ ಹೊತ್ತು ಅಳಲಿಲ್ಲವಂತೆ. ನಾನು ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಕೊನೆಗೆ ಅಳು ಕೇಳಿಸಿತು. ಡಾಕ್ಟರಮ್ಮ ಹೊರಗೆ ಬಂದು ನನ್ನ ಪಕ್ಕ ಕೂತು, 'ಇನ್ನು ಸ್ವಲ್ಪ ತಡ ಆಗಿದ್ರೆ ಆಗ್ತಿರಲಿಲ್ಲ' ಎಂದರು. ಬೈದಿದ್ದರೆ ವಾಸಿಯಿತ್ತು.

ಈಚೆ ದಡಕ್ಕೆ ಬಂದು, ನಟ್ಟು ಬಿಚ್ಚುವ ಪಾನ ಹಿಡಿದು ಇಂಜಿನ್ನಿನ ಮುಂದೆ ಕೂತೆ. ಮೊದಲ ನಟ್ಟಿಗೆ ಪಾನ ಕೂರಲಿಲ್ಲ. ಮತ್ತೆ ಕೂರಿಸಿದೆ, ಜಾರಿತು. ನಿನ್ನ ಅತ್ತೆ ಬಂದು ನಿಂತಿದ್ದಳು. 'ಆಚೆ ಸರ್ಕೊಳ್ಳಿ' ಎಂದು ಸೀರೆ ಎತ್ತಿ ಕಟ್ಟಿ ದೋಣಿಗಿಳಿದಳು. ನಾಲ್ಕೂ ನಟ್ಟು ಅವಳೇ ಬಿಚ್ಚಿದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಳಗಿದ್ದುದನ್ನು ಚೆಲ್ಲಿ, ಮನೆಗೆ ತಂದು ಸೋಪು ಹಾಕಿ ತೊಳೆದಳು. ಈಗ ಅದರಲ್ಲಿ ಸೂಜಿ, ದಾರ, ಗುಂಡಿ ಇಟ್ಟಿದ್ದಾಳೆ. ನನ್ನ ಅಂಗಿಗಳೆಲ್ಲ ಪೆಟ್ರೋಲ್ ವಾಸನೆ ಹೊಡೆಯುತ್ತಿವೆ. ಅಂಚೆ ಕಚೇರಿಯಲ್ಲಿ ಬೀಡಿ ಹಚ್ಚುವವರು ನನ್ನನ್ನು ಕಂಡು ದೂರ ಸರಿಯುತ್ತಾರೆ.

ಆ ಚಿಮ್ಮಿಸುವ ಯಂತ್ರ ಹೇಗೆ ಮಾಡುವುದು, ಬರೆ. ಅಲ್ಲಿಯವರೆಗೆ ಹುಟ್ಟು ಹಾಕುತ್ತೇನೆ.

ನಿನ್ನ ಮಾವ


ಡಿಸೆಂಬರ್ 13

ಮಾವನವರಿಗೆ,

ಈ ಕಾಗದದ ಜೊತೆ ಒಂದು ಮರದ ಡಬ್ಬಿ ಬರುತ್ತದೆ. ಒಳಗೆ ಹೊಟ್ಟಿನಲ್ಲಿ ಹುದುಗಿಸಿದ ಹಿತ್ತಾಳೆಯ ಕಾರ್ಬೊರೇಟರ್ ಇದೆ. ಕೊಳ್ಳುವ ಹಾಗಿರಲಿಲ್ಲ, ನಾವೇ ಮಾಡಿದೆವು. ನಮ್ಮ ಕಾರ್ಖಾನೆಯ ನಕ್ಷೆಗಾರರೊಬ್ಬರು ಚಿತ್ರ ಬರೆದುಕೊಟ್ಟರು. ನಾನು ಚಿಮ್ಮುವ ತೂತಿನ ಅಳತೆಯನ್ನು ಪರೀಕ್ಷಿಸಿದೆ. ದೀಪದ ಮೂತಿಗೆ ತೂತು ಕೊರೆದು ಕೊರೆದು ನಮ್ಮವರ ಕೈ ಅದಕ್ಕೆ ಪಳಗಿದೆ. ತಲೆಗೂದಲಿಗಿಂತ ನಮ್ಮ ತೂತು ಸಣ್ಣದು. ಕಾರ್ಖಾನೆಯ ಯಜಮಾನರು ಬೈಯುತ್ತಾರೆಂದುಕೊಂಡಿದ್ದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, 'ಓಡಿದ್ರೆ ಹೇಳಿ, ಇದನ್ನೂ ಮಾರೋಣ' ಎಂದರು.

ಅತ್ತರಿನ ಸೀಸೆಯ ರಬ್ಬರ್ ಬುರುಡೆ ಒತ್ತಿದರೆ ತುಂತುರಾಗಿ ಬರುತ್ತದಲ್ಲ, ಇದೂ ಅದೇ. ಇಂಜಿನ್ ಉಸಿರು ಎಳೆದಾಗ ಗಾಳಿ ಈ ಗಂಟಲಿನ ಮೂಲಕ ನುಗ್ಗುತ್ತದೆ. ನಡುವೆ ಗಂಟಲು ಕಿರಿದಾಗಿದೆ, ನೋಡಿ. ಅಲ್ಲಿ ಗಾಳಿಗೆ ವೇಗ ಬರುತ್ತದೆ, ಆ ವೇಗವೇ ತೂತಿನಿಂದ ಪೆಟ್ರೋಲನ್ನು ಸೆಳೆದು ಪುಡಿಪುಡಿ ಮಾಡುತ್ತದೆ. ಹನಿ ಸಣ್ಣದಾದಷ್ಟೂ ಬೇಗ ಆವಿಯಾಗುತ್ತದೆ. ಪಕ್ಕದ ಬಟ್ಟಲಿನಲ್ಲಿ ತೇಲುವ ಪುಟ್ಟ ಡಬ್ಬಿಯನ್ನು ಮುಟ್ಟಬೇಡಿ. ಪೆಟ್ರೋಲ್ ಎಷ್ಟು ಬೇಕೋ ಅಷ್ಟನ್ನೇ ಒಳಗೆ ಬಿಡುವ ಬಾಗಿಲುಕಾವಲು ಅದು.

ಹೇಗೆ ಜೋಡಿಸಬೇಕೆಂದು ನಕ್ಷೆಗಾರರು ಬೇರೆ ಹಾಳೆಯಲ್ಲಿ ಬರೆದಿದ್ದಾರೆ. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಡಾಕ್ಟರಮ್ಮನ ಕೈ ವಾಸಿಯಾಯಿತೇ? ಮಗು ಹೇಗಿದೆ? ಅತ್ತೆ ನಟ್ಟು ಬಿಚ್ಚಿದ್ದನ್ನು ಎಷ್ಟು ಸಲ ಓದಿದೆನೋ. ಗುಂಡಿ ಹೊಲಿಯುವಾಗ ಅವರು ಕಿಟಕಿ ಹತ್ತಿರ ಕೂರಲಿ, ಒಲೆಯ ಹತ್ತಿರ ಬೇಡ.

ನಿಮ್ಮ ಸೊಸೆ


ಜನವರಿ 7

ಮಗೂ,

ಓಡಿತು. ಎಂಥ ಓಟ ಎನ್ನುತ್ತೀಯ. ವಾರದ ಮೊದಲ ದಿನವೂ ಒಂದೇ, ಕೊನೆಯ ದಿನವೂ ಒಂದೇ. ಕೆಮ್ಮಣ್ಣನ ಹೆಸರು ಬದಲಾಯಿಸಿ ಎಂದು ದಡದವರಿಗೆ ಹೇಳಿದೆ. 'ಹೆಸರು ಇಟ್ಟಾಯ್ತು, ಇನ್ನು ಅವನೇ ಹೆಸರಿಗೆ ತಕ್ಕ ಹಾಗೆ ಇರ್ಬೇಕು' ಎಂದರು. ಅವರ ಬಾಯಿ ಫಲಿಸಿತು.

ಥಂಡಿ ಹವೆಯಿರುವ ಮುಂಜಾವುಗಳಲ್ಲಿ ಹೀಗಾಗುತ್ತದೆ. ಹೊರಟಾಗ ಚೆನ್ನಾಗಿರುತ್ತದೆ. ನಡುನೀರಿನ ಗುರುತುಗಂಬ ದಾಟುವಷ್ಟರಲ್ಲಿ ಒಳಗೆ ಯಾರೋ ಬಾಯಿ ಮುಚ್ಚಿದಂತೆ ಉಸಿರು ಕಟ್ಟಿ ನಿಲ್ಲುತ್ತದೆ. ಸುಮ್ಮನೆ ಸ್ವಲ್ಪ ಹೊತ್ತು ಬಿಟ್ಟರೆ, ಏನೂ ಆಗದವರ ಹಾಗೆ ಮತ್ತೆ ಹೊರಡುತ್ತದೆ. ಮೊನ್ನೆ ನಿಂತ ಕೂಡಲೇ ಬಿಚ್ಚಿ ಇಣುಕಿದೆ. ಗಂಟಲಿನೊಳಗೆ ಬೆಳ್ಳಗೆ ಹಿಮ ಕಟ್ಟಿತ್ತು. ಅಂದು ನೀರು ಹೆಪ್ಪುಗಟ್ಟುವಷ್ಟು ಚಳಿಯೇನೂ ಇರಲಿಲ್ಲ. ಹೊರಗೆ ಇಲ್ಲದ ಹಿಮ ಒಳಗೆ ಎಲ್ಲಿಂದ ಬಂತು?

ಊರಿನಲ್ಲಿ ಸಲಹೆಗಳಿಗೆ ಬರವಿಲ್ಲ. ಕೆಳಗೊಂದು ಕೆಂಡದ ಬಾಣಲೆ ಇಡು ಎಂದು ಒಬ್ಬರು. ನಿನ್ನ ಅತ್ತೆ ನಿನ್ನೆ ಜೊತೆಗೆ ಬಂದಿದ್ದಳು. ಇಂಜಿನ್ ನಿಂತಿತು. ಅವಳು ಚಹಾಕ್ಕೆಂದು ತಂದಿದ್ದ ಬಿಸಿನೀರನ್ನು ಕೆಟಲಿನಿಂದ ಗಂಟಲಿನ ಮೇಲೆ ಸುರಿದಳು. ತಿರುಗಿಸಿದ ಕೂಡಲೇ ಹೊರಟಿತು. 'ನೋಡಿ, ಗಂಟಲು ಕಟ್ಟಿದ್ರೆ ಮನುಷ್ಯರಿಗೆ ಏನು ಮಾಡ್ತೀವೋ ಅದೇ' ಎಂದಳು. ದಡ ಮುಟ್ಟುವವರೆಗೂ ಅವಳ ಮುಖ ನೋಡಲಾಗಲಿಲ್ಲ, ಅಷ್ಟು ಗತ್ತು.

ಇನ್ನು ಪ್ರತಿ ಸಲವೂ ಕೆಟಲು ಸಮೇತ ಅವಳನ್ನು ಕೂರಿಸಿಕೊಂಡು ಹೋಗಬೇಕೇ? ಅದಕ್ಕಿಂತ ಕೆಂಡವೇ ವಾಸಿ ಅನ್ನಿಸುತ್ತದೆ. ಅಂಚೆಯ ಸಾಹೇಬರು ಫೆಬ್ರವರಿಯಲ್ಲಿ ತಾವೇ ಬಂದು ಕೂತು ನೋಡುತ್ತಾರಂತೆ. ಅದರ ಮೇಲೆ ತೀರ್ಮಾನ.

ನಿನ್ನ ಮಾವ

ಮರೆತಿದ್ದೆ. ನಿನ್ನ ಡಬ್ಬಿಯನ್ನು ಆಚೆ ದಡದಿಂದ ಅಂಚೆ ಚೀಲದ ಜೊತೆ ನಾನೇ ಹೊತ್ತು ತಂದು, ಅಂಚೆ ಕಚೇರಿಯಲ್ಲಿ ಒಪ್ಪಿಸಿ, ಮತ್ತೆ ಸಹಿ ಹಾಕಿ ಇಸಿದುಕೊಂಡೆ. ಕಾಯಿದೆ ಎಂದರೆ ಕಾಯಿದೆ.


ಜನವರಿ 19

ಮಾವನವರಿಗೆ,

ಮೊದಲು ಇದು: ಕೆಂಡದ ಮಾತು ಬೇಡವೇ ಬೇಡ. ಪೆಟ್ರೋಲ್ ಆವಿ ನೆಲ ಹಿಡಿದು ತೆವಳಿಕೊಂಡು ಹೋಗಿ ಬೆಂಕಿಯನ್ನು ಹುಡುಕುತ್ತದೆ. ಅತ್ತೆಯ ಕೆಟಲೇ ಇರಲಿ.

ಅತ್ತೆಗೆ ಹೇಳಿ, ಅವರು ಸುರಿದದ್ದೇ ಸರಿಯಾದ ಔಷಧಿ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಮೈ ನಡುಗುತ್ತದೆ ಅಲ್ಲವೇ? ನೀರು ಆವಿಯಾಗಿ ಹೋಗುವಾಗ ನಮ್ಮ ಮೈಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಪೆಟ್ರೋಲ್ ಇನ್ನೂ ಆತುರದ ಪ್ರಾಣಿ. ಅದು ಆವಿಯಾಗುವ ರಭಸಕ್ಕೆ ಗಂಟಲು ಅಷ್ಟು ತಣ್ಣಗಾಗಿ, ಗಾಳಿಯಲ್ಲಿರುವ ತೇವವೇ ಹಿಮವಾಗಿ ಕಟ್ಟುತ್ತದೆ. ನಾವು ತುಂತುರನ್ನು ಸಣ್ಣದು ಮಾಡಿ ಆವಿ ಹೆಚ್ಚಿಸಿದೆವು, ಆವಿ ಹೆಚ್ಚಿದ್ದಕ್ಕೇ ಹಿಮವೂ ಬಂತು. ಗೆದ್ದೆವೆಂದು ಕೂರುವಂತಿಲ್ಲ.

ನಮ್ಮ ದೊಡ್ಡ ದೀಪಗಳಲ್ಲಿ ಎಣ್ಣೆಯ ಕೊಳವೆ ಅದೇ ದೀಪದ ಉರಿಯ ಮೇಲೆ ಹಾದು ಬರುತ್ತದೆ. ತನ್ನ ಬಿಸಿಯಿಂದ ತನ್ನ ಎಣ್ಣೆಯನ್ನೇ ಆವಿ ಮಾಡಿಕೊಂಡು ಉರಿಯುತ್ತದೆ. ಇಂಜಿನ್ನೂ ಹೊಗೆಕೊಳವೆಯಲ್ಲಿ ಅಷ್ಟು ಬಿಸಿಯನ್ನು ಸುಮ್ಮನೆ ಹೊರಗೆ ಬಿಡುತ್ತಿದೆಯಲ್ಲ, ಅದರಲ್ಲಿ ಸ್ವಲ್ಪ ತಿರುಗಿಸಿ ಗಂಟಲಿಗೆ ಕೊಡೋಣ ಎಂದೆ. ನಕ್ಷೆಗಾರರು ಒಪ್ಪಿದರು. ಕಾರ್ಖಾನೆಯ ಹಿತ್ತಲಲ್ಲಿ ಹಳೆಯ ಇಂಜಿನ್ ಒಂದಕ್ಕೆ ಕಟ್ಟಿ ನೋಡಿದೆವು. ಮೊದಲ ಸಲ ಒಳಗೆ ಹೋಗುವ ಗಾಳಿಯನ್ನೆಲ್ಲ ಕಾಯಿಸಿಬಿಟ್ಟೆವು. ಹಿಮವೇನೋ ಹೋಯಿತು, ಜೊತೆಗೆ ಇಂಜಿನ್ನಿನ ಕಸುವೂ ಹೋಯಿತು. ಕಾದ ಗಾಳಿ ಹಿಗ್ಗಿ ತೆಳ್ಳಗಾಗುತ್ತದೆ, ಅದರಿಂದ ಇಂಜಿನ್ನಿನ ಹೊಟ್ಟೆ ತುಂಬುವುದಿಲ್ಲ. ನಾನು ಜೋಲುಮೋರೆ ಹಾಕಿಕೊಂಡು ಕೂತೆ. ಅವರು, 'ಗಾಳಿ ಬಿಡಿ, ಗೋಡೆ ಮಾತ್ರ ಬೆಚ್ಚಗಿದ್ರೆ ಸಾಕಲ್ವಾ? ಹನಿ ಬಂದು ಬೀಳೋದು ಅಲ್ಲಿಗೇ ತಾನೆ?' ಎಂದರು. ಈಗ ಗಂಟಲಿನ ಸುತ್ತ ಒಂದು ಹೊರಕವಚ ಇದೆ, ಹೊಗೆಯ ಬಿಸಿ ಅದರೊಳಗೆ ಮಾತ್ರ ಸುಳಿದು ಹೋಗುತ್ತದೆ. ಬೇಸಿಗೆಯಲ್ಲಿ ಮುಚ್ಚಲು ಒಂದು ಬಿಲ್ಲೆ.

ಇದನ್ನು ಅಂಚೆಯಲ್ಲಿ ಕಳಿಸಿ ದೂರದಿಂದ ಹೇಳಿಕೊಡಲಾಗುವುದಿಲ್ಲ. ಕೀಲು ಒಂದಿಷ್ಟು ಸೋರಿದರೂ ಅಪಾಯ. ನನಗೆ ರಜೆ ಸಿಗಲಿಲ್ಲ, ಉರಿ ಪರೀಕ್ಷೆಗೆ ಬೇರೆಯವರಿಲ್ಲ. ನಕ್ಷೆಗಾರರೇ ಬರುತ್ತಾರೆ. ಅವರು ಹೆಚ್ಚು ಮಾತಾಡುವುದಿಲ್ಲ, ಅದು ಜಂಬವಲ್ಲ. ನೀರಿನ ಮೇಲೆ ಅವರಿಗೆ ಹೊಟ್ಟೆ ತೊಳಸುತ್ತದೆ, ಆದರೂ ಬರುತ್ತೇನೆ ಎಂದಿದ್ದಾರೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿರುತ್ತಾರೆ, ಹಣೆಯ ಮೇಲೆ ನೋಡಲು ಹೇಳಿ. ಹೊದಿಕೆ ಒಂದು ಹೆಚ್ಚಿಗೆ ಕೊಡಿ. ಬೇಕೆಂದು ಬಾಯಿಬಿಟ್ಟು ಕೇಳುವವರಲ್ಲ.

ನಿಮ್ಮ ಸೊಸೆ


ಫೆಬ್ರವರಿ 3

ಮಗೂ,

ನಿನ್ನ ನಕ್ಷೆಗಾರ ಬಂದು ತಲುಪಿದ. ಆಚೆ ದಡದಿಂದ ಈಚೆಗೆ ಬರುವಷ್ಟರಲ್ಲಿ ಪಾಪ, ಬೆಳಗಿನ ತಿಂಡಿಯನ್ನೆಲ್ಲ ಮೀನುಗಳಿಗೆ ಹಂಚಿದ. ದಡಕ್ಕೆ ಕಾಲಿಟ್ಟವನೇ ಬಾಯಿ ತೊಳೆದುಕೊಂಡು, 'ಇಂಜಿನ್ ನೋಡ್ಬಹುದಾ?' ಎಂದ. ಮನುಷ್ಯ ಪರವಾಗಿಲ್ಲ ಅಂದುಕೊಂಡೆ.

ಕವಚ ಕೂರಿಸಿದ್ದಾಯಿತು. ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ನೋಡಿದ. ಒಂದು ಕಡೆ ಎದ್ದಿತು. ಪೂರ್ತಿ ಬಿಚ್ಚಿ ಮತ್ತೆ ಹಾಕಿದ. ನಾನು 'ಸಾಕು ಬಿಡಿ' ಎಂದರೂ ಕೇಳಲಿಲ್ಲ. ಈಗ ಪರೀಕ್ಷೆಗೆ ಚಳಿ ಬೇಕು. ಚಳಿಗಾಲವೆಲ್ಲ ನನ್ನನ್ನು ಕಾಡಿದ ಹವೆ ಈಗ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದೆ. ದಿನಾ ಬೆಳಿಗ್ಗೆ ನಾವಿಬ್ಬರೂ ಹೊರಗೆ ಬಂದು ಆಕಾಶ ನೋಡಿ, ಹಲ್ಲು ಕಡಿದು, ಒಳಗೆ ಹೋಗುತ್ತೇವೆ.

ಕಾದಿರುವ ಹೊತ್ತಿನಲ್ಲಿ ಅವನು ನಿನ್ನ ಅತ್ತೆಯ ಒಲೆಯ ಹೊಗೆಗೂಡು ಸರಿಮಾಡಿದ. ಊಟಕ್ಕೆ ಕೂತಾಗ ಅವಳು ಕೇಳಿದಳು: 'ನಮ್ಮ ಸೊಸೆ ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ?' ಅವನು, 'ಇಲ್ಲ. ಎಡಗಡೆ ಇಟ್ಟ ದೀಪಗಳು ಸರಿಹೋಗೋ ತನಕ ಏಳಲ್ಲ. ನಾನು ಎರಡು ಸಲ ಕರೆದ್ರೆ ಮೂರನೇ ಸಲಕ್ಕೆ ಬರ್ತಾರೆ' ಎಂದ. ಅಂದವನೇ ಕಿವಿಯ ತನಕ ಕೆಂಪಾಗಿ ತಟ್ಟೆ ನೋಡತೊಡಗಿದ. ಅತ್ತೆ ಅವನ ತಟ್ಟೆಗೆ ಇನ್ನೂ ಸ್ವಲ್ಪ ಬಡಿಸಿದಳು.

ಆಮೇಲೆ ನನ್ನ ಹತ್ತಿರ ಬಂದು, 'ಅವಳಿಗೆ ಬರೆಯುವಾಗ ಸುಮ್ಮನೆ ಕುಶಲ ಕೇಳಿ, ಅಷ್ಟೇ. ಹೇಳೋದಿದ್ರೆ ಅವಳೇ ಹೇಳ್ತಾಳೆ' ಎಂದಳು. ಅದಕ್ಕೇ ಕೇಳುತ್ತಿದ್ದೇನೆ. ಕುಶಲವೇ ಮಗೂ?

ನಿನ್ನ ಮಾವ


ಫೆಬ್ರವರಿ 7

ಮಾವನವರಿಗೆ ಮತ್ತು ಅತ್ತೆಗೆ,

ಕುಶಲ.

ಅವರು ನನ್ನನ್ನು ಮದುವೆಗೆ ಕೇಳಿದ್ದಾರೆ. ನಿಮಗೆ ಡಬ್ಬಿ ಕಳಿಸಿದ ಮೇಲೆ ಕೇಳಿದರು. ಈಗ ಇಷ್ಟು ದಿನವಾದರೂ ನಾನು ಉತ್ತರ ಕೊಟ್ಟಿಲ್ಲ. ಅವರು ಮತ್ತೆ ಕೇಳಿಯೂ ಇಲ್ಲ, ಕೆಲಸದಲ್ಲಿ ಪಕ್ಕ ನಿಲ್ಲುವುದನ್ನು ಬಿಟ್ಟೂ ಇಲ್ಲ. ಮನಸ್ಸು ಒಪ್ಪಿದೆ. ಅದನ್ನು ಬರೆಯುವಾಗ ನಾಚಿಕೆಯಾಗುತ್ತಿಲ್ಲ, ಅದಕ್ಕೇ ಭಯವಾಗುತ್ತಿದೆ.

ಅವರನ್ನು ಕಳಿಸಿದ್ದು ನಿಮಗೆ ತೋರಿಸಲೆಂದಲ್ಲ. ಕವಚ ಕೂರಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಅಷ್ಟು ನಿಜ. ಪೂರ್ತಿ ನಿಜ ಯಾವುದೋ ನನಗೂ ತಿಳಿಯದು.

ನಿಮ್ಮ ಮಗನನ್ನು ಮರೆತಿದ್ದೇನೆ ಎಂದುಕೊಳ್ಳಬೇಡಿ. ನಿಮಗೆ ಇಷ್ಟವಿಲ್ಲದಿದ್ದರೂ ನಾನು ಹೂಂ ಎನ್ನಬಹುದು, ಇಲ್ಲಿ ಯಾರೂ ತಡೆಯುವವರಿಲ್ಲ. ಆದರೆ ಆಮೇಲೆ ನಿಮಗೆ ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ಏನೆಂದು ಕರೆಯಲಿ? ಯೋಚಿಸಿದಾಗಲೆಲ್ಲ ಅಲ್ಲಿಗೆ ಬಂದು ನಿಲ್ಲುತ್ತೇನೆ. ಅತ್ತೆ ಮಾವ ಎಂಬ ಎರಡು ಮಾತು ಬಿಟ್ಟು ನಿಮ್ಮನ್ನು ಕರೆಯುವುದು ನನಗೆ ಬರುವುದಿಲ್ಲ.

ನಿಮ್ಮ ಸೊಸೆ


ಫೆಬ್ರವರಿ 12

ಮಗೂ,

ನಿನ್ನ ಕಾಗದ ನಿನ್ನೆ ಸಂಜೆ ತಲುಪಿತು. ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದು, ಎದ್ದು ಒಲೆ ಹೊತ್ತಿಸಿದಳು. ಇಬ್ಬರೂ ಅತ್ತೆವು, ಅದನ್ನು ಮುಚ್ಚಿಡುವುದಿಲ್ಲ. ಅವನಿಗಾಗಿ ಅತ್ತದ್ದು ಎಷ್ಟು, ನಿನಗಾಗಿ ಎಷ್ಟು ಎಂದು ಬೇರ್ಪಡಿಸಲು ನಮ್ಮಿಂದ ಆಗಲಿಲ್ಲ. ನಿನ್ನ ನಕ್ಷೆಗಾರ ಆ ಹೊತ್ತಿಗೆ ಹಿತ್ತಲಲ್ಲಿ ಕನ್ನಡಕ ಹುಡುಕುತ್ತಿದ್ದ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆ ಕಾಣುತ್ತಿರಲಿಲ್ಲ, ಅಷ್ಟು ಮಂಜು. ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗದಂಥ ಥಂಡಿ. ಅಂಚೆಯ ಸಾಹೇಬರು ಚೀಲದ ಜೊತೆ ತಾವೂ ಹತ್ತಿ, ಮಫ್ಲರಿನೊಳಗಿಂದ ಕಣ್ಣು ಮಾತ್ರ ತೋರಿಸುತ್ತ ಕೂತರು. ನಕ್ಷೆಗಾರ ಅಂಚಿನಲ್ಲಿ ಕೂತ, ಮುಖ ಆಗಲೇ ಬಿಳಿಚಿತ್ತು. 'ನೀವು ದಡದಲ್ಲೇ ಇರಿ' ಎಂದೆ. 'ಇಲ್ಲ, ಬರ್ತೀನಿ' ಎಂದ.

ಗುರುತುಗಂಬ ಬಂತು. ನಾನು ಉಸಿರು ಹಿಡಿದೆ. ಇಂಜಿನ್ ಉಸಿರು ಬಿಡುತ್ತಲೇ ಇತ್ತು. ಗಂಟಲಿನ ಮೇಲೆ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು, ಹಾಲು ಕುಡಿಸುವ ಮೊದಲು ಲೋಟ ಮುಟ್ಟಿ ನೋಡುತ್ತೇವಲ್ಲ, ಅಷ್ಟು. ಕಂಬ ಹಿಂದೆ ಸರಿಯಿತು. ಆಚೆ ದಡ ಮುಟ್ಟಿದೆವು, ಚೀಲ ಬದಲಾಯಿಸಿದೆವು, ವಾಪಸು ಹೊರಟೆವು. ಒಂದು ಸಲವೂ ಕೆಮ್ಮಲಿಲ್ಲ. ಅಂಚೆಯ ಸಾಹೇಬರು ಮಫ್ಲರ್ ಕೆಳಗಿಳಿಸಿ, 'ಯಜಮಾನ್ರೇ, ಚೀಲ ನಿಮ್ಮ ಹತ್ರನೇ ಇರುತ್ತೆ ಅಂತ ಬರೀತೀನಿ. ಹಬೆ ದೋಣಿಯವ್ರು ಇಂಥ ಮಂಜಿನಲ್ಲಿ ಹೊರಡೋದೇ ಇಲ್ಲ' ಎಂದರು.

ಆಮೇಲೆ ಅಂಚಿಗೆ ಬಗ್ಗಿ ತನ್ನ ಪಾಡು ತಾನು ಪಡುತ್ತಿದ್ದವನ ಕಡೆ ನೋಡಿ, 'ಇವ್ರು ಯಾರು? ಕಾರ್ಖಾನೆ ಕಡೆಯವ್ರಾ?' ಎಂದು ಕೇಳಿದರು.

'ನಮ್ಮ ಅಳಿಯ' ಎಂದೆ.

ಸಾಹೇಬರು ಹುಬ್ಬು ಗಂಟಿಕ್ಕಿದರು. 'ನಿಮಗೆ ಒಬ್ಬನೇ ಮಗ ಅಂತ ನನಗೆ ನೆನಪು. ಮಗಳೂ ಇದ್ದಾಳಾ?'

'ಇದ್ದಾಳೆ. ಪಟ್ಟಣದಲ್ಲಿ, ದೀಪದ ಕಾರ್ಖಾನೆಯಲ್ಲಿ ಕೆಲಸ' ಎಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಏನೋ ಹೇಳಲು ಹೊರಟ. ಹೊಟ್ಟೆ ಬಿಡಲಿಲ್ಲ, ಮತ್ತೆ ಬಗ್ಗಿದ. ನಾನು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದು ಕೈಯಲ್ಲಿ ದಡ ಬರುವವರೆಗೂ ಅವನ ಬೆನ್ನು ನೀವುತ್ತ ಬಂದೆ.

ನಾಳೆ ಅವನು ಹೊರಡುತ್ತಾನೆ. ಅವನಿಗೆ ಬೇಗ ಹೂಂ ಅನ್ನು, ಪಾಪ ಬಹಳ ಕಾದಿದ್ದಾನೆ. ದಿನ ಗೊತ್ತಾದ ಕೂಡಲೇ ಬರೆ, ನಾವಿಬ್ಬರೂ ಬರುತ್ತೇವೆ. ಇನ್ನು ಏನೆಂದು ಕರೆಯಲಿ ಎಂದು ಕೇಳಿದ್ದೀಯಲ್ಲ. ಸೊಸೆ ಕರೆಯುವುದೂ ಮಾವ ಎಂದೇ, ಅಳಿಯ ಕರೆಯುವುದೂ ಮಾವ ಎಂದೇ. ನೀವಿಬ್ಬರೂ ಹಾಗೇ ಕರೆಯಿರಿ. ಯಾರು ಕರೆದರೂ ತಿರುಗಿ ನೋಡುತ್ತೇನೆ.

ನಿನ್ನ ಮಾವ